ಎರಡೇ ಬೆಲೆ ಉಳಿದರೂ ಅದು ಅರ್ಧಕ್ಕರ್ಧ ಅಲ್ಲ

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ಹೋದ ಚಳಿಗಾಲ ಐದು ತಿಂಗಳು ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೆ. ಹೊರಗೆ ಹಿಮ, ಒಳಗೆ ಟೀವಿ. ಬೆಳಿಗ್ಗೆ 11ಕ್ಕೆ ಬರುವ 'ದಿ ಪ್ರೈಸ್ ಈಸ್ ರೈಟ್' ಅನ್ನುವ ಬೆಲೆ ಊಹಿಸುವ ಆಟದ ಕಾರ್ಯಕ್ರಮ ನೋಡುವುದು ಅಭ್ಯಾಸವಾಗಿಹೋಯಿತು. ಹೈಸ್ಕೂಲು ಓದುವ ಮೊಮ್ಮಗ ರಜೆ ಇದ್ದ ದಿನ ಜೊತೆಗೆ ಕೂರುತ್ತಿದ್ದ, ಹಳೆಯ ಕಂತುಗಳನ್ನು ಹುಡುಕಿ ತೋರಿಸುತ್ತಿದ್ದ. ಅದರಲ್ಲಿ ಈಗ ಆಡಿಸದ ಒಂದು ಆಟ ಸಿಕ್ಕಿತು, 'ಬಾರ್ಕರ್ಸ್ ಮಾರ್ಕರ್ಸ್' ಅಂತ. ಮೂರು ವಸ್ತು, ನಾಲ್ಕು ಬೆಲೆ. ಒಂದು ಬೆಲೆ ಸುಳ್ಳು. ಆಡುವವರು ಮೂರು ಬೆಲೆಗೆ ಗುರುತು ಹಾಕಬೇಕು, ಮೂರೂ ಸರಿಯಾದರೆ ಮೂರೂ ವಸ್ತು ಅವರದ್ದು. ನಿರೂಪಕ ಅದರಲ್ಲಿ ಎರಡು ಸರಿ ಅಂತ ತೆಗೆದು ತೋರಿಸುತ್ತಾನೆ, ಕೈಗೆ 500 ಡಾಲರ್ ಕೊಡುತ್ತಾನೆ. ಆಮೇಲೆ ಕೇಳುತ್ತಾನೆ: ಮೂರನೆಯ ಗುರುತು ಅಲ್ಲೇ ಇರಲಾ, ಅಥವಾ 500 ವಾಪಸ್ ಕೊಟ್ಟು ಉಳಿದ ಬೆಲೆಗೆ ಸರಿಸ್ತೀರಾ? ಮೊಮ್ಮಗ "ತಾತ, ಸರಿಸಲೇಬೇಕು, ಗೆಲ್ಲೋ ಅವಕಾಶ ಮೂರು ಪಟ್ಟು" ಅಂದ. ನಾನು "ಉಳಿದಿರೋದು ಎರಡು, ಅರ್ಧಕ್ಕರ್ಧ. ಸುಮ್ನೆ 500 ಯಾಕೆ ಬಿಡಬೇಕು?" ಅಂದೆ. ಮಾತಿಗೆ ಮಾತು ಬೆಳೆದು ಗದರಿಸಿಬಿಟ್ಟೆ. ಅವನು ಎದ್ದು ರೂಮಿಗೆ ಹೋದ. ಮೈಸೂರಿಗೆ ಬಂದು ಎರಡು ತಿಂಗಳಾಯಿತು, ಅದು ಮನಸ್ಸಿನಿಂದ ಹೋಗಿಲ್ಲ. ನನ್ನ ಲೆಕ್ಕ ತಪ್ಪಾ? ಸರಿ ಉತ್ತರ ಹಿಡಿದವರನ್ನು ಎಬ್ಬಿಸೋಕೆ ಮಾಡಿದ ಬಲೆ ಅಲ್ವಾ ಅದು? ಹಾಗೆಯೇ, ನಮ್ಮ ಕೋಟ್ಯಧಿಪತಿಯಲ್ಲಿ ಫಿಫ್ಟಿ-ಫಿಫ್ಟಿ ತಗೊಂಡ ಮೇಲೂ ಉತ್ತರ ಬದಲಾಯಿಸಬೇಕಾ?

ಉತ್ತರ: ನಿಮ್ಮ ಮೊಮ್ಮಗ ಹೇಳಿದ್ದು ಸರಿ. ವಸ್ತುಗಳ ಬೆಲೆ ಏನೂ ಗೊತ್ತಿಲ್ಲದೆ ಗುರುತು ಹಾಕಿದ್ದರೆ, ಸರಿಸಿದಾಗ ಗೆಲ್ಲುವ ಅವಕಾಶ ನಾಲ್ಕರಲ್ಲಿ ಮೂರು. ಅಲ್ಲೇ ಬಿಟ್ಟರೆ ನಾಲ್ಕರಲ್ಲಿ ಒಂದು.

ಇಷ್ಟು ಓದಿ ಬೇಜಾರು ಮಾಡ್ಕೋಬೇಡಿ. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿದ್ದೇನೆ. ಈ ಥರದ ಪ್ರಶ್ನೆ ಕೇಳಿದಾಗ ಮೊದಲ ಸಲಕ್ಕೇ ಸರಿ ಉತ್ತರ ಕೊಟ್ಟವರು ಬಹಳ ಕಮ್ಮಿ. 'ಎರಡು ಉಳಿದರೆ ಅರ್ಧಕ್ಕರ್ಧ' ಅನ್ನುವುದು ಲೆಕ್ಕ ಬಾರದವರ ತಪ್ಪಲ್ಲ, ಲೆಕ್ಕದಲ್ಲಿ ಪಳಗಿದವರ ತಪ್ಪು. ನಾಣ್ಯ, ದಾಳ, ಇಸ್ಪೀಟು ಎಲ್ಲದರಲ್ಲೂ ಅದು ಕೆಲಸ ಮಾಡುತ್ತದೆ. ಹಾಗಾಗಿ ಇಲ್ಲೂ ಮಾಡುತ್ತೆ ಅಂತ ನಂಬಿಬಿಡುತ್ತೇವೆ.

ಮೊದಲು ಆಟದ ವಿಷಯ ಎರಡು ಮಾತು. 'ದಿ ಪ್ರೈಸ್ ಈಸ್ ರೈಟ್' ಈಗಿನ ರೂಪದಲ್ಲಿ ಸಿಬಿಎಸ್ ವಾಹಿನಿಯಲ್ಲಿ ಶುರುವಾಗಿದ್ದು 1972ರ ಸೆಪ್ಟೆಂಬರ್ 4ರಂದು. ಬೆಲೆ ಊಹಿಸುವ ಆಟಗಳು ಅದರ ಜೀವಾಳ. ಇಲ್ಲಿಯವರೆಗೆ ನೂರಕ್ಕೂ ಹೆಚ್ಚು ಬಗೆಯ ಆಟಗಳು ಬಂದಿವೆ, ಹಲವು ಮೂಲೆ ಸೇರಿವೆ. 1977ರ 'ಪ್ರೊಫೆಸರ್ ಪ್ರೈಸ್' ಅನ್ನುವುದನ್ನು ಎರಡೇ ಎರಡು ಸಲ ಆಡಿಸಿ ನಿಲ್ಲಿಸಿದರು. ನೀವು ನೋಡಿದ ಆಟ 1994ರಲ್ಲಿ ಬಂತು. ಆಗಿನ ನಿರೂಪಕ ಬಾಬ್ ಬಾರ್ಕರ್ ಹೆಸರೇ ಅದಕ್ಕಿತ್ತು. ಅವರು 2007ರಲ್ಲಿ ನಿವೃತ್ತರಾಗಿ ಡ್ರೂ ಕ್ಯಾರಿ ಬಂದ ಮೇಲೆ ಅದು 'ಮೇಕ್ ಯುವರ್ ಮಾರ್ಕ್' ಆಯಿತು. 2008ರ ನಂತರ ಆಡಿಸಿಲ್ಲ. ನನ್ನಂಥ ಮೇಷ್ಟ್ರಿಗೆ ಇದು ನಿಂತಿದ್ದು ನಿಜವಾಗಲೂ ಬೇಸರ. ಇಷ್ಟು ಸರಳವಾದ ಆಟದೊಳಗೆ ಇಷ್ಟು ಆಳವಾದ ಲೆಕ್ಕ ಕೂತಿರುವುದು ಅಪರೂಪ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ.

ಆಡುವವರು ಮೂರು ಬೆಲೆ ಆರಿಸಿದರು ಅಂತ ನಾವು ಹೇಳುತ್ತೇವೆ. ಅದನ್ನೇ ಸ್ವಲ್ಪ ತಿರುಗಿಸಿ ನೋಡಿ. ಅವರು ನಿಜವಾಗಿ ಮಾಡಿದ್ದು ಒಂದನ್ನು ಬಿಟ್ಟಿದ್ದು. "ನಾಲ್ಕರಲ್ಲಿ ಇದೊಂದು ಸುಳ್ಳು ಬೆಲೆ" ಅಂತ ಬೊಟ್ಟು ಮಾಡಿದ್ದಾರೆ, ಅಷ್ಟೇ. ಯಾವ ವಸ್ತುವಿಗೆ ಯಾವ ಬೆಲೆ ಅಂತ ಹೊಂದಿಸುವ ಕೆಲಸ ಈ ಆಟದಲ್ಲಿಲ್ಲ. ಏನೂ ಗೊತ್ತಿಲ್ಲದೆ ಬೊಟ್ಟು ಮಾಡಿದರೆ, ಅದೇ ಸುಳ್ಳು ಬೆಲೆ ಆಗಿರುವ ಅವಕಾಶ ನಾಲ್ಕರಲ್ಲಿ ಒಂದು. ಇದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಇಲ್ಲ ಅಲ್ವಾ?

ಈಗ ನಿರೂಪಕ ಗುರುತು ಹಾಕಿದ ಎರಡು ಬೆಲೆ ಸರಿ ಅಂತ ತೋರಿಸುತ್ತಾನೆ. ಇದನ್ನು ಅವನು ಯಾವಾಗಲೂ ಮಾಡಬಲ್ಲ. ನೀವು ಮೂರೂ ಸರಿಯಾಗಿ ಹಾಕಿದ್ದರೂ ಎರಡು ಸರಿ ಸಿಗುತ್ತವೆ, ಒಂದು ತಪ್ಪು ಹಾಕಿದ್ದರೂ ಎರಡು ಸರಿ ಸಿಗುತ್ತವೆ. ಒಂದಕ್ಕಿಂತ ಜಾಸ್ತಿ ತಪ್ಪು ಹಾಕಲು ಆಗುವುದೇ ಇಲ್ಲ, ಯಾಕೆಂದರೆ ಸುಳ್ಳು ಬೆಲೆ ಇರುವುದೇ ಒಂದು. ಅಂದಮೇಲೆ ಅವನು ಎರಡು ಸರಿ ತೋರಿಸಿದ ಅಂದ ಮಾತ್ರಕ್ಕೆ ನಿಮ್ಮ ಮೊದಲ ಊಹೆ ಗಟ್ಟಿಯಾಗಲಿಲ್ಲ. ಅದು ನಾಲ್ಕರಲ್ಲಿ ಒಂದು ಇತ್ತು, ಹಾಗೇ ಇದೆ. ಉಳಿದ ಮುಕ್ಕಾಲು ಪಾಲು ಎಲ್ಲಿ ಹೋಗಬೇಕು? ಗುರುತು ಹಾಕದೆ ಬಿಟ್ಟ ಆ ಒಂದು ಬೆಲೆಯ ಕಡೆಗೆ.

ಇದನ್ನು ಬೋರ್ಡಿನ ಮೇಲೆ ಬರೆದರೆ ತಲೆ ಆಡಿಸುತ್ತಾರೆ, ಆದರೆ ಒಳಗಿನ ಅನುಮಾನ ಹೋಗುವುದಿಲ್ಲ. ಅದಕ್ಕೆ ನಾನು ಕ್ಲಾಸಿಗೆ ನಾಲ್ಕು ಸ್ಟೀಲ್ ಲೋಟ ಮತ್ತು ಮೂರು ಹುಣಸೆ ಬೀಜ ತಗೊಂಡು ಹೋಗುತ್ತಿದ್ದೆ. ಲೋಟಗಳನ್ನು ಬೋರಲು ಹಾಕಿ ಮೂರರ ಕೆಳಗೆ ಬೀಜ ಇಡುವುದು, ಒಂದು ಖಾಲಿ. ಒಬ್ಬರು ಆಡುವುದು, ಇನ್ನೊಬ್ಬರು ಆಡಿಸುವುದು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನಿಮ್ಮ ಹಾಗೆಯೇ ಜಗಳಕ್ಕೆ ನಿಂತಳು. ಅರ್ಧಕ್ಕರ್ಧ ಅಂತ ಬಿಡಲೇ ಇಲ್ಲ. ಅವಳನ್ನೇ ಕರೆದು ಆಡಿಸುವ ಜಾಗದಲ್ಲಿ ಕೂರಿಸಿದೆ. ಬೀಜ ಅವಳೇ ಇಟ್ಟಳು. ಎದುರಿನ ಹುಡುಗ ಮೂರು ಲೋಟ ಮುಟ್ಟಿದ. ಅವಳು ಎರಡು ಎತ್ತಿ ತೋರಿಸಿದಳು. ಹೀಗೆ ಮೂರು ಸಲ ಆಯಿತು. ನಾಲ್ಕನೇ ಸಲ ಎತ್ತಲು ಕೈ ಚಾಚಿದವಳು ಅರ್ಧದಲ್ಲೇ ನಿಲ್ಲಿಸಿದಳು. ಲೋಟಗಳನ್ನೇ ನೋಡುತ್ತಾ, "ಸರ್, ನಾನು ಆರಿಸ್ತಾನೇ ಇಲ್ಲ. ಇವೆರಡನ್ನೇ ಎತ್ತಬೇಕು, ಬೇರೆ ದಾರಿ ಇಲ್ಲ" ಅಂದಳು.

ವಿಷಯ ಇರುವುದೇ ಅಲ್ಲಿ. ಖಾಲಿ ಲೋಟ ಎಡಗಡೆಯ ಕೊನೆಯದು ಅಂತ ಇಟ್ಟುಕೊಳ್ಳಿ. ಆಡುವವನು ಅದನ್ನೇ ಬಿಟ್ಟು ಉಳಿದ ಮೂರನ್ನು ಮುಟ್ಟಿದರೆ, ಆಡಿಸುವವಳು ಬೇಕಾದ ಎರಡನ್ನು ಎತ್ತಬಹುದು. ಆದರೆ ಅವನು ಬೇರೆ ಯಾವ ಲೋಟ ಬಿಟ್ಟರೂ, ಖಾಲಿ ಲೋಟ ಅವನು ಮುಟ್ಟಿದ ಮೂರರಲ್ಲಿ ಸೇರಿಕೊಂಡಿರುತ್ತದೆ. ಆಗ ಅವಳು ಖಾಲಿ ಲೋಟವನ್ನು ಮುಟ್ಟುವಂತಿಲ್ಲ, ಬೀಜ ಇರುವ ಎರಡನ್ನೇ ಎತ್ತಬೇಕು. ಕೊನೆಗೆ ಮುಚ್ಚಿ ಉಳಿಯುವುದು ಖಾಲಿ ಲೋಟ ಮತ್ತು ಅವನು ಬಿಟ್ಟಿದ್ದ ಲೋಟ. ಬೀಜ ಇರುವುದು ಬಿಟ್ಟಿದ್ದರಲ್ಲಿ. ನಾಲ್ಕು ಸಂದರ್ಭದಲ್ಲಿ ಮೂರರಲ್ಲಿ ಹೀಗೇ ಆಗುತ್ತದೆ. ಆಡುವವನ ಕಡೆಯಿಂದ ನೋಡಿದರೆ ಎರಡು ಲೋಟ ಒಂದೇ ಥರ ಕಾಣುತ್ತವೆ. ಆಡಿಸುವವಳ ಕಡೆಯಿಂದ ನೋಡಿದರೆ, ಒಂದು ಲೋಟವನ್ನು ಅವಳು ಬೇಕಂತಲೇ ಮುಟ್ಟದೆ ಬಿಟ್ಟಿದ್ದಾಳೆ.

ನಿಮ್ಮ 'ಅರ್ಧಕ್ಕರ್ಧ' ಸರಿಯಾಗಬೇಕಾದರೆ ಆಡಿಸುವವನಿಗೂ ಏನೂ ಗೊತ್ತಿರಬಾರದು. ಕಣ್ಣು ಮುಚ್ಚಿ ಎರಡು ಲೋಟ ಎತ್ತಿ, ಅದೃಷ್ಟಕ್ಕೆ ಎರಡರಲ್ಲೂ ಬೀಜ ಸಿಕ್ಕಿದ್ದರೆ, ಆಗ ಉಳಿದ ಎರಡು ಸಮ ಸಮ. ಬಾರ್ಕರ್‌ಗೆ ಎಲ್ಲ ಬೆಲೆಯೂ ಗೊತ್ತಿತ್ತು. ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲಾ.

ನಿಮ್ಮ ಮೊಮ್ಮಗ ಬಹುಶಃ ಇದರ ದಾಯಾದಿ ಲೆಕ್ಕವೊಂದನ್ನು ಎಲ್ಲೋ ಓದಿರುತ್ತಾನೆ. ಮೂರು ಬಾಗಿಲು, ಒಂದರ ಹಿಂದೆ ಕಾರು, ಎರಡರ ಹಿಂದೆ ಮೇಕೆ. ನೀವು ಒಂದು ಬಾಗಿಲು ಆರಿಸಿದ ಮೇಲೆ, ಎಲ್ಲ ಗೊತ್ತಿರುವ ನಿರೂಪಕ ಉಳಿದ ಎರಡರಲ್ಲಿ ಮೇಕೆ ಇರುವ ಒಂದನ್ನು ತೆಗೆದು ತೋರಿಸಿ, ಬದಲಾಯಿಸ್ತೀರಾ ಅಂತ ಕೇಳುತ್ತಾನೆ. ಮಾಂಟಿ ಹಾಲ್ ಅನ್ನುವ ಇನ್ನೊಬ್ಬ ನಿರೂಪಕನ ಹೆಸರಿನಲ್ಲಿ ಅದು ಪ್ರಸಿದ್ಧ. ಸ್ಟೀವ್ ಸೆಲ್ವಿನ್ ಅನ್ನುವ ಸಂಖ್ಯಾಶಾಸ್ತ್ರಜ್ಞ 1975ರಲ್ಲೇ ಅದನ್ನು ಬರೆದಿದ್ದರು. 1990ರಲ್ಲಿ ಮೆರಿಲಿನ್ ವೋಸ್ ಸಾವಂತ್ ಎಂಬ ಅಂಕಣಕಾರ್ತಿ ಬಾಗಿಲು ಬದಲಾಯಿಸಬೇಕು ಅಂತ ಉತ್ತರ ಕೊಟ್ಟಾಗ, ಅವರಿಗೆ ಸುಮಾರು 10,000 ಪತ್ರ ಬಂದವು. ಹೆಚ್ಚಿನವು 'ನಿಮ್ಮದು ತಪ್ಪು' ಅಂತ. ಅದರಲ್ಲಿ ಸಾವಿರದ ಹತ್ತಿರ ಪಿಎಚ್‌ಡಿ ಮಾಡಿದವರದ್ದು. ಅಂಕಣಕಾರ್ತಿಯದೇ ಸರಿಯಾಗಿತ್ತು. ಕಳೆದ ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬರಾದ ಪಾಲ್ ಎರ್ಡೋಶ್ ಕೂಡ ಮೊದಲು ಒಪ್ಪಲಿಲ್ಲ. ಕಂಪ್ಯೂಟರಿನಲ್ಲಿ ಆ ಆಟವನ್ನು ಮತ್ತೆ ಮತ್ತೆ ಆಡಿಸಿ ತೋರಿಸಿದ ಮೇಲೆಯೇ ಒಪ್ಪಿದ್ದು. ನಿಮ್ಮ ತಪ್ಪಿಗೆ ಜೊತೆ ದೊಡ್ಡದೇ ಇದೆ.

ಇನ್ನು 500 ಡಾಲರ್. ಬ್ಯಾಂಕಿನವರಾದ್ದರಿಂದ ನಿಮ್ಮ ಕಣ್ಣು ಅಲ್ಲೇ ಹೋಗಿದೆ, ಅದು ನ್ಯಾಯವೇ. ಮೂರೂ ವಸ್ತು ಸೇರಿ 4,000 ಡಾಲರ್ ಬೆಲೆ ಅಂತ ಇಟ್ಟುಕೊಳ್ಳೋಣ. ಗುರುತು ಸರಿಸದಿದ್ದರೆ ಸೋತರೂ 500 ಕೈಯಲ್ಲೇ ಉಳಿಯುತ್ತೆ ಅಂತ, ನಿಮ್ಮ ವಾದಕ್ಕೆ ಅನುಕೂಲವಾಗುವ ಹಾಗೆಯೇ ಲೆಕ್ಕ ಹಾಕೋಣ. ಅಲ್ಲೇ ಬಿಟ್ಟರೆ 4,000ದ ಕಾಲು ಭಾಗ 1,000, ಅದಕ್ಕೆ 500 ಸೇರಿ ಸರಾಸರಿ 1,500. ಸರಿಸಿದರೆ 4,000ದ ಮುಕ್ಕಾಲು, ಅಂದರೆ 3,000. ಎರಡೂ ಸಮ ಆಗುವುದು ಮೂರೂ ವಸ್ತು ಸೇರಿ 1,000 ಡಾಲರ್ ಆದಾಗ. ಅದಕ್ಕಿಂತ ಅಗ್ಗದ ಬಹುಮಾನ ಆದರೆ 500 ಇಟ್ಟುಕೊಂಡು ಮನೆಗೆ ಹೋಗುವುದೇ ವಾಸಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬೆಲೆ ಏನೂ ಗೊತ್ತಿಲ್ಲದವರಿಗೆ. ಡಾಲರನ್ನು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ ಬೆಚ್ಚಿಬೀಳುವವರಿಗೆ ಅಲ್ಲಿನ ಸೋಫಾ ಬೆಲೆ ಹೇಗೆ ಗೊತ್ತಾಗಬೇಕು? ಆದರೆ ಅಲ್ಲೇ ಹುಟ್ಟಿ ಬೆಳೆದು, ವಾರವಾರ ಅಂಗಡಿ ಸುತ್ತುವವರು ಕುರುಡಾಗಿ ಊಹಿಸುವುದಿಲ್ಲ. ಇದು ಬೆಲೆಯ ಆಟ, ಬಾಗಿಲಿನ ಆಟ ಅಲ್ಲ. ಮೊಮ್ಮಗ 'ಸರಿಸಲೇಬೇಕು' ಅಂದದ್ದರಲ್ಲಿ ಆ 'ಲೇ' ಸ್ವಲ್ಪ ಜಾಸ್ತಿ ಆಯಿತು.

ಮೂರೂ ಬೆಲೆ ಪಕ್ಕಾ ಗೊತ್ತಿದ್ದರೆ ಸರಿಸುವ ಮಾತೇ ಇಲ್ಲ. ಗುರುತು ಅಲ್ಲೇ ಇರಲಿ, 500ನ್ನೂ ಇಟ್ಟುಕೊಳ್ಳಿ. ಕಷ್ಟ ಇರುವುದು ನಡುವಿನವರಿಗೆ, ಅಂದರೆ ಎರಡು ಗೊತ್ತು, ಒಂದು ಅನುಮಾನ ಅನ್ನುವವರಿಗೆ. ಅವರು ನೋಡಬೇಕಾದ್ದು ಕೊನೆಗೆ ಮುಚ್ಚಿ ಉಳಿದದ್ದು ಯಾವ ಗುರುತು ಅನ್ನುವುದನ್ನು. ಒಬ್ಬರು ಇಂಥ ಆಟ 60 ಸಲ ಆಡುತ್ತಾರೆ ಅಂದುಕೊಳ್ಳಿ. 30 ಸಲ ಮೂರೂ ಗುರುತು ಸರಿ. 24 ಸಲ ಅನುಮಾನದ ಗುರುತು ತಪ್ಪು. ಗಟ್ಟಿ ಅಂದುಕೊಂಡ ಎರಡರಲ್ಲಿ ಒಂದೊಂದು 3 ಸಲ ತಪ್ಪು. ಮೂರೂ ಸರಿ ಇದ್ದಾಗ ನಿರೂಪಕ ಯಾವುದನ್ನೂ ಹೆಚ್ಚು ಕಮ್ಮಿ ಮಾಡದೆ ಎರಡನ್ನು ಎತ್ತಿದರೆ, ಅನುಮಾನದ ಗುರುತು ಆ 30ರಲ್ಲಿ 10 ಸಲ ಮುಚ್ಚಿ ಉಳಿಯುತ್ತದೆ. ತಪ್ಪಾದ 24 ಸಲವಂತೂ ಉಳಿಯಲೇಬೇಕು. ಒಟ್ಟು 34ರಲ್ಲಿ 24 ಸಲ ಸರಿಸಿದವರೇ ಗೆಲ್ಲುತ್ತಾರೆ. ಅದೇ ಗಟ್ಟಿ ಗುರುತೊಂದು ಮುಚ್ಚಿ ಉಳಿದರೆ? ಸರಿ ಇರುವ 10 ಸಲ, ತಪ್ಪಿರುವ 3 ಸಲ. ಆಗ ಸರಿಸಬಾರದು.

ಹಾಗಾಗಿ ನನ್ನ ಸಲಹೆ ಇದು. ಅನುಮಾನ ಇದ್ದ ಬೆಲೆಯೇ ಕೊನೆಗೆ ಉಳಿದರೆ ಸರಿಸಿ. ನಿಮಗೆ ಚೆನ್ನಾಗಿ ಗೊತ್ತಿರುವ ಬೆಲೆ ಉಳಿದು, ಅನುಮಾನದ್ದು ಸರಿ ಅಂತ ಆಗಲೇ ತೋರಿಸಿಬಿಟ್ಟಿದ್ದರೆ ಕೂತಲ್ಲೇ ಕೂತಿರಿ. ಇದನ್ನು ವೇದಿಕೆ ಮೇಲೆ, ದೀಪದ ಬೆಳಕಿನಲ್ಲಿ, ಜನ ಕೂಗುತ್ತಿರುವಾಗ ಯೋಚಿಸುವುದು ಸುಲಭ ಅಲ್ಲ ಅಂತ ನನಗೂ ಗೊತ್ತು.

ಸರಿಸುವುದರಲ್ಲಿ ಅಪಾಯ ಇಲ್ಲವೇ? ಇದೆ. ನಾಲ್ಕರಲ್ಲಿ ಒಂದು ಸಲ ಗೆದ್ದಿದ್ದನ್ನು ಕೈಯಾರೆ ಕಳೆದುಕೊಳ್ಳುತ್ತೀರಿ, ಜೊತೆಗೆ 500ನ್ನೂ. ಆ ನೋವು ಬೇರೆಯೇ. ಸುಮ್ಮನಿದ್ದು ಸೋತರೆ 'ಅದೃಷ್ಟ ಇರಲಿಲ್ಲ' ಅಂತೀವಿ. ಸರಿಸಿ ಸೋತರೆ 'ನಾನೇ ಹಾಳು ಮಾಡಿಕೊಂಡೆ' ಅಂತ ವರ್ಷಗಟ್ಟಲೆ ಕೊರಗುತ್ತೀವಿ. ಜನ ಸರಿಸದೇ ಇರುವುದಕ್ಕೆ ದೊಡ್ಡ ಕಾರಣ ಇದೇ ಅಂತ ನನ್ನ ಅನುಭವ. ಮೂರು ಬಾಗಿಲಿನ ಆಟವನ್ನು ಪ್ರಯೋಗವಾಗಿ ಆಡಿಸಿದ 1995ರ ಒಂದು ಅಧ್ಯಯನದಲ್ಲಿ ಬದಲಾಯಿಸಿದವರು ಸುಮಾರು 13% ಮಾತ್ರ. 2010ರಲ್ಲಿ ಪಾರಿವಾಳಗಳಿಗೆ ಇದೇ ಆಟ ಆಡಿಸಿದರು. ಅವು ಕಾಳು ಎಲ್ಲಿ ಜಾಸ್ತಿ ಸಿಗುತ್ತೆ ಅಂತ ನೋಡಿಕೊಂಡು, ಕೆಲವು ವಾರಗಳಲ್ಲಿ ಪ್ರತಿ ಸಲವೂ ಅನ್ನುವಷ್ಟು ಬದಲಾಯಿಸುವುದನ್ನು ಕಲಿತವು. ಅವಕ್ಕೆ ಪಶ್ಚಾತ್ತಾಪದ ಭಯ ಇರಲಿಲ್ಲ.

ಬಲೆ ಅಲ್ವಾ ಅಂತ ಕೇಳಿದ್ದೀರಿ. ಈ ಪ್ರಶ್ನೆ ನಿಮ್ಮ ಲೆಕ್ಕಕ್ಕಿಂತ ಗಟ್ಟಿಯಾದದ್ದು. ಎರಡು ಭಾಗ ಮಾಡಿ ಹೇಳುತ್ತೇನೆ.

ಹಿಂದಿನಿಂದ ಬೆಲೆ ಬದಲಾಯಿಸುವ ಮೋಸದ ಭಯ ಬೇಡ. ಅಮೆರಿಕದಲ್ಲಿ 1950ರ ದಶಕದಲ್ಲಿ ಕ್ವಿಜ್ ಕಾರ್ಯಕ್ರಮಗಳಲ್ಲಿ ಮೊದಲೇ ಉತ್ತರ ಹೇಳಿಕೊಟ್ಟು ಆಡಿಸಿದ ಹಗರಣ ಹೊರಬಂತು. ಅದಾದ ಮೇಲೆ 1960ರಲ್ಲಿ ಕಾನೂನು ತಿದ್ದಿ, ಇಂಥ ಆಟಗಳಲ್ಲಿ ಕೈಚಳಕ ಮಾಡುವುದನ್ನು ಅಪರಾಧ ಮಾಡಿದರು.

ಇನ್ನೊಂದು ಭಾಗ, ಮನಸ್ಸನ್ನು ಆಡಿಸುವ ಬಲೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಸರಿಸುವ ಅವಕಾಶ ಎಲ್ಲರಿಗೂ ಕೊಡುತ್ತಾರಾ, ಅಥವಾ ಆಯ್ದ ಕೆಲವರಿಗಾ? ಬಾರ್ಕರ್ ಆಟದಲ್ಲಿ ಅದು ನಿಯಮ. ಆಡಿದ ಪ್ರತಿಯೊಬ್ಬರಿಗೂ ಆ 500 ಮತ್ತು ಆ ಪ್ರಶ್ನೆ ಬರುತ್ತಿತ್ತು. ಹಾಗಾಗಿ ಆ ಪ್ರಶ್ನೆ ಕೇಳಿದ್ದರಲ್ಲೇ ಯಾವ ಸುಳಿವೂ ಇಲ್ಲ. ಆದರೆ ಸರಿ ಉತ್ತರ ಹಿಡಿದವರಿಗೆ ಮಾತ್ರ 'ಬದಲಾಯಿಸ್ತೀರಾ' ಅಂತ ಕೇಳುವ ನಿರೂಪಕ ಇದ್ದರೆ, ನಾನು ಹೇಳಿದ್ದೆಲ್ಲ ತಲೆಕೆಳಗಾಗುತ್ತದೆ. ಆಗ ಬದಲಾಯಿಸಿದವರು ಸೋಲುವುದು ಗ್ಯಾರಂಟಿ. ಮಾಂಟಿ ಹಾಲ್ 1991ರಲ್ಲಿ ತಮ್ಮ ಮನೆಯ ಊಟದ ಮೇಜಿನ ಮೇಲೆ ಒಬ್ಬ ಪತ್ರಕರ್ತನ ಜೊತೆ ಇದನ್ನೇ ಆಡಿ ತೋರಿಸಿದ್ದರು. ನಿಯಮ ತನ್ನ ಕೈಯಲ್ಲಿದ್ದರೆ ಎದುರಿನವರನ್ನು ಹೇಗೆ ಬೇಕಾದರೂ ಸೋಲಿಸಬಹುದು ಅಂತ. ಜಾತ್ರೆಯಲ್ಲಿ ಮೂರು ಡಬ್ಬಿ ತಿರುಗಿಸಿ ಗೋಲಿ ಹುಡುಕಿಸುವವನು ನಿಮಗೊಬ್ಬರಿಗೇ 'ಇನ್ನೊಂದು ಚಾನ್ಸು' ಅಂದರೆ, ಈ ಉತ್ತರ ನೆನೆಸಿಕೊಂಡು ದುಡ್ಡು ಹಾಕಬೇಡಿ.

ಕೊನೆಯದು ಕನ್ನಡದ ಕೋಟ್ಯಧಿಪತಿ. 2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಡಲು ಶುರು ಮಾಡಿದಾಗಿನಿಂದ ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ನನಗೆ ಕೇಳಿದ್ದಾರೆ. ಅಲ್ಲಿ ನಿಮ್ಮ ಅರ್ಧಕ್ಕರ್ಧ ನೂರಕ್ಕೆ ನೂರು ಸರಿ. ನಾಲ್ಕು ಉತ್ತರದಲ್ಲಿ ನೀವು ಮನಸ್ಸಿನಲ್ಲಿ 'ಬಿ' ಹಿಡಿದಿದ್ದೀರಿ ಅನ್ನೋದು ಕಂಪ್ಯೂಟರಿಗೆ ಗೊತ್ತಿಲ್ಲ. ಅದು ಎರಡು ತಪ್ಪು ಉತ್ತರ ತೆಗೆಯುತ್ತದೆ, ಅಷ್ಟೇ. ನಿಮ್ಮ 'ಬಿ' ತಪ್ಪಾಗಿದ್ದರೆ ಅದೂ ಹೋಗಬಹುದಿತ್ತು. ಹೋಗದೆ ಉಳಿಯಿತು ಅನ್ನುವುದೇ 'ಬಿ' ಪರವಾಗಿ ಒಂದು ಸಾಕ್ಷಿ. ಲೆಕ್ಕ ಹಾಕಿದರೆ ಎರಡೂ ಸಮಕ್ಕೆ ಬಂದು ನಿಲ್ಲುತ್ತವೆ. ಬಾರ್ಕರ್ ಆಟದಲ್ಲಿ ಹಾಗಲ್ಲ. ನಿಮ್ಮ ತಪ್ಪು ಗುರುತನ್ನು ನಿರೂಪಕ ಎತ್ತುವಂತೆಯೇ ಇಲ್ಲ. ಅದು ಉಳಿದದ್ದು ಯಾವುದಕ್ಕೂ ಸಾಕ್ಷಿ ಅಲ್ಲ. ಮೊಮ್ಮಗ ಫಿಫ್ಟಿ-ಫಿಫ್ಟಿಯಲ್ಲೂ ಬದಲಾಯಿಸಬೇಕು ಅಂತ ಹೇಳಿದರೆ, ಆಗ ತಿದ್ದುವ ಸರದಿ ನಿಮ್ಮದು.

ಅವನ ಜೊತೆ ಇದನ್ನು ಫೋನಿನಲ್ಲಿ ಬರೀ ಮಾತಿನಲ್ಲಿ ಮುಗಿಸಬೇಡಿ. ಮೈಸೂರಿನಲ್ಲಿ ಸಂಜೆ ಏಳಾದಾಗ ಅಲ್ಲಿ ಬೆಳಿಗ್ಗೆ. ಶನಿವಾರ ಆದರೆ ಅವನಿಗೆ ಸ್ಕೂಲೂ ಇರುವುದಿಲ್ಲ. ಅಡುಗೆಮನೆಯಿಂದ ನಾಲ್ಕು ಒಂದೇ ಥರದ ಲೋಟ ತಗೊಳ್ಳಿ, ಮೂರು ಹುಣಸೆ ಬೀಜ. ವಿಡಿಯೋ ಕಾಲ್ ಹಚ್ಚುವ ಮೊದಲೇ ಬೀಜ ಇಟ್ಟುಬಿಡಿ, ಇಲ್ಲದಿದ್ದರೆ ಅವನಿಗೆ ಕಾಣುತ್ತದೆ. ಆಡುವುದು ಅವನು, ಆಡಿಸುವುದು ನೀವು. ಪ್ರತಿ ಆಟಕ್ಕೂ ಕ್ಯಾಮೆರಾ ಆಚೆ ತಿರುಗಿಸಿ ಲೋಟದ ಜಾಗ ಬದಲಾಯಿಸಿ. 20 ಸಲ ಆಡಿ, ಪ್ರತಿ ಸಲವೂ ಅವನು ಸರಿಸಲಿ. ಹೆಚ್ಚು ಕಮ್ಮಿ 15ರ ಹತ್ತಿರ ಅವನು ಗೆಲ್ಲುತ್ತಾನೆ. 13 ಬಂದರೂ 17 ಬಂದರೂ ಆಶ್ಚರ್ಯ ಪಡಬೇಡಿ, 20 ಆಟದಲ್ಲಿ ಅಷ್ಟು ಏರಿಳಿತ ಸಹಜ. ಸೋಲು ಗೆಲುವನ್ನು ಒಂದು ಹಾಳೆಯಲ್ಲಿ ಗೆರೆ ಹಾಕಿ ಬರೆದಿಟ್ಟುಕೊಳ್ಳಿ, ಅದಂತೂ ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಮೊದಲ ಲೋಟ ಎತ್ತುವ ಮೊದಲು, "ಅವತ್ತು ನೀನು ಹೇಳಿದ್ದೇ ಸರಿ ಕಣೋ" ಅಂದುಬಿಡಿ.